ಬೈಕ್ ಪರವಾನಗಿಯ ಪ್ರಾಯೋಗಿಕ ಪರೀಕ್ಷೆ: ಪರೀಕ್ಷಕರು ನೋಡುವುದೇನು, ನೀವು ಅಭ್ಯಾಸ ಮಾಡಬೇಕಾದದ್ದೇನು

ಮೋಟಾರ್‌ಸೈಕಲ್ ಪರವಾನಗಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಅನುತ್ತೀರ್ಣರಾಗುವವರೆಲ್ಲರೂ ಬೈಕ್ ಓಡಿಸಲು ಬಾರದವರಲ್ಲ. ನೇರ ರಸ್ತೆಯಲ್ಲಿ ಸಲೀಸಾಗಿ ಸಾಗುವವರೇ ಇಕ್ಕಟ್ಟಾದ ತಿರುವಿನಲ್ಲಿ ಕಾಲೂರುತ್ತಾರೆ, ಕನ್ನಡಿಯತ್ತ ಕಣ್ಣು ಹಾಯಿಸದೆ ಪಥ ಬದಲಿಸುತ್ತಾರೆ, ತಿರುವು ಮುಗಿದ ಮೇಲೂ ಇಂಡಿಕೇಟರ್ ಆರಿಸುವುದನ್ನು ಮರೆಯುತ್ತಾರೆ. ಪರೀಕ್ಷಕರು ಮುಖ್ಯವಾಗಿ ಎರಡು ವಿಷಯಗಳನ್ನು ಗಮನಿಸುತ್ತಾರೆ. ನಡಿಗೆಯ ವೇಗದಲ್ಲಿ ವಾಹನ ನಿಮ್ಮ ಹಿಡಿತದಲ್ಲಿದೆಯೇ ಎಂಬುದು ಒಂದು, ಯಾವುದೇ ಚಲನೆಗೆ ಮುನ್ನ ಸುತ್ತಲಿನ ಪರಿಸ್ಥಿತಿಯನ್ನು ನೀವು ನೋಡಿದಿರೇ ಎಂಬುದು ಇನ್ನೊಂದು. ವೇಗವಾಗಿ ಓಡಿಸುವ ಕೌಶಲಕ್ಕೆ ಇಲ್ಲಿ ಅಂಕ ಸಿಗುವುದು ಕಡಿಮೆ. ಆದ್ದರಿಂದ ತಯಾರಿಯ ಬಹುಪಾಲು ಸಮಯವನ್ನು ಈ ಎರಡಕ್ಕೇ ಮೀಸಲಿಡುವುದು ಒಳ್ಳೆಯದು.

ಪರೀಕ್ಷೆಯ ಸ್ವರೂಪ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಬ್ರಿಟನ್ನಿನಲ್ಲಿ ಅದು ಎರಡು ಭಾಗಗಳಲ್ಲಿ ನಡೆಯುತ್ತದೆ. ಮೊದಲನೆಯದು ವಾಹನ ಸಂಚಾರವಿಲ್ಲದ ಮೈದಾನದಲ್ಲಿ, ಎರಡನೆಯದು ಸಾರ್ವಜನಿಕ ರಸ್ತೆಯಲ್ಲಿ. ಈ ಎರಡನೆಯ ಭಾಗದಲ್ಲಿ ಪರೀಕ್ಷಕರು ಹಿಂದಿನಿಂದ ಬರುತ್ತಾ ರೇಡಿಯೋ ಮೂಲಕ ಸೂಚನೆ ಕೊಡುತ್ತಾರೆ. ಜಪಾನಿನಲ್ಲಿ ಪರೀಕ್ಷೆಗೆಂದೇ ನಿರ್ಮಿಸಿದ ಆವರಣದೊಳಗೆ, ಸಂಕೇತ ದೀಪ, ಅಡ್ಡರಸ್ತೆ, ದಿಬ್ಬಗಳೆಲ್ಲ ಇರುವ ಮಾರ್ಗದಲ್ಲಿ ಓಡಿಸಿ ತೋರಿಸಬೇಕಾಗುತ್ತದೆ. ಭಾರತದಲ್ಲಿ ದ್ವಿಚಕ್ರ ವಾಹನದ ಪರೀಕ್ಷೆ ಎಂದೊಡನೆ ನೆನಪಾಗುವುದು ನೆಲದ ಮೇಲೆ ಎಳೆದ 8 ಅಂಕಿಯ ಆಕಾರ. ಹೊರನೋಟಕ್ಕೆ ಇವು ಬೇರೆ ಬೇರೆ ಎನಿಸಿದರೂ ಅಳೆಯುವ ಗುಣಗಳು ಬಹುಮಟ್ಟಿಗೆ ಒಂದೇ. ನಿಮ್ಮ ಪರೀಕ್ಷೆಯ ಮಾರ್ಗದರ್ಶಿ ಪುಸ್ತಿಕೆಯನ್ನು ಸಂಬಂಧಪಟ್ಟ ಇಲಾಖೆಯಿಂದಲೇ ಪಡೆದು, ಯಾವ ತಪ್ಪಿಗೆ ಅಂಕ ಮಾತ್ರ ಹೋಗುತ್ತದೆ, ಯಾವ ತಪ್ಪಿಗೆ ಪರೀಕ್ಷೆಯೇ ಅಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಮೊದಲೇ ಓದಿಕೊಳ್ಳಿ. ಬ್ರಿಟನ್ನಿನ ಮೊದಲ ಭಾಗದಲ್ಲಿ ಐದರವರೆಗೆ ಸಣ್ಣ ತಪ್ಪುಗಳಾದರೂ ಉತ್ತೀರ್ಣರಾಗಬಹುದು. ಗಂಭೀರವಾದದ್ದು ಒಂದಾದರೆ ಸಾಕು, ಅನುತ್ತೀರ್ಣ. ಈ ವ್ಯತ್ಯಾಸ ಗೊತ್ತಿದ್ದವರು ಸಣ್ಣ ತಪ್ಪಾದಾಗ ಕಂಗಾಲಾಗುವುದಿಲ್ಲ.

ಯಾವ ವಾಹನದಲ್ಲಿ ಪರೀಕ್ಷೆ ಕೊಡುತ್ತೀರಿ ಎಂಬುದನ್ನು ಕೊನೆಯ ಗಳಿಗೆಗೆ ಬಿಡಬಾರದು. ಗೇರ್ ಇಲ್ಲದ ಸ್ಕೂಟರಿನಲ್ಲಿ ಪರೀಕ್ಷೆ ಕೊಟ್ಟರೆ ಅನೇಕ ದೇಶಗಳಲ್ಲಿ ಗೇರ್ ಇಲ್ಲದ ವಾಹನಕ್ಕೆ ಮಾತ್ರ ಪರವಾನಗಿ ಸಿಗುತ್ತದೆ. ಮುಂದೆ ಗೇರ್ ಬೈಕ್ ಓಡಿಸುವ ಉದ್ದೇಶವಿದ್ದರೆ ಈಗಲೇ ಅದರಲ್ಲಿ ಕೊಡುವುದು ಜಾಣತನ. ಇಂಜಿನ್ನಿನ ಸಾಮರ್ಥ್ಯಕ್ಕೂ ಕೆಲವೆಡೆ ಮಿತಿಗಳಿರುತ್ತವೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಅಭ್ಯಾಸ ಮಾಡಿದ ಬೈಕಿನಲ್ಲಿಯೇ ಪರೀಕ್ಷೆ ಕೊಡಬೇಕು. ಪ್ರತಿ ಬೈಕಿನಲ್ಲೂ ಕ್ಲಚ್ ಹಿಡಿಯುವ ಬಿಂದು ಬೇರೆ ಇರುತ್ತದೆ. ಒಂದರಲ್ಲಿ ಲಿವರ್ ಅರ್ಧ ಬಿಟ್ಟಾಗ ವಾಹನ ಮುಂದೆ ಸರಿದರೆ, ಇನ್ನೊಂದರಲ್ಲಿ ಬಹುತೇಕ ಪೂರ್ತಿ ಬಿಡುವವರೆಗೂ ಅಲುಗುವುದಿಲ್ಲ. ಬೆಳಿಗ್ಗೆ ಎರವಲು ತಂದ ಬೈಕಿನ ಈ ಬಿಂದುವನ್ನು ಪರೀಕ್ಷಕರ ಕಣ್ಣೆದುರಿಗೆ ಹುಡುಕುವುದು ಬೇಡ.

ಹೊರಡುವ ಹಿಂದಿನ ದಿನ ಟೈರಿನ ಗಾಳಿ, ಚೈನಿನ ಬಿಗಿತ, ಹಾರ್ನ್, ಎಲ್ಲ ದೀಪಗಳನ್ನು ನೋಡಿಕೊಳ್ಳಿ. ಬ್ರೇಕ್ ದೀಪವನ್ನು ಪರೀಕ್ಷಿಸುವಾಗ ಮುಂದಿನ ಲಿವರ್ ಮತ್ತು ಹಿಂದಿನ ಪೆಡಲ್ ಎರಡನ್ನೂ ಬೇರೆ ಬೇರೆಯಾಗಿ ಒತ್ತಿ ನೋಡಬೇಕು, ಏಕೆಂದರೆ ಎರಡಕ್ಕೂ ಪ್ರತ್ಯೇಕ ಸ್ವಿಚ್ ಇದ್ದು ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ಕನ್ನಡಿಯಲ್ಲಿ ನಿಮ್ಮ ಭುಜವೇ ಅರ್ಧ ಜಾಗ ತುಂಬಿದ್ದರೆ ಅದನ್ನು ಹೊರಕ್ಕೆ ತಿರುಗಿಸಿ, ಭುಜದ ಅಂಚು ಮಾತ್ರ ಕಾಣುವಂತೆ ಮಾಡಿ.

ನಿಧಾನದ ಹಿಡಿತ

ಬೈಕ್ ಒಂದು ಮಟ್ಟದ ವೇಗ ಪಡೆದ ಮೇಲೆ ಬಹುಪಾಲು ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ. ವೇಗ ತಗ್ಗಿದಂತೆ ಆ ಸ್ಥಿರತೆ ಕಳೆದುಹೋಗಿ, ಬೀಳದಂತೆ ನೋಡಿಕೊಳ್ಳುವ ಕೆಲಸವೆಲ್ಲ ಸವಾರನ ಕೈಗೆ ಬರುತ್ತದೆ. ಹಾಗಾಗಿಯೇ ಎಲ್ಲ ಪರೀಕ್ಷೆಗಳೂ ನಿಧಾನದ ಓಟವನ್ನು ಕೇಳುತ್ತವೆ. ಜಪಾನಿನಲ್ಲಿ 15 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ, ನೆಲದಿಂದ ಸ್ವಲ್ಪವೇ ಎತ್ತರಿಸಿದ ಕಿರುಪಟ್ಟಿಯ ಮೇಲೆ ಬೈಕ್ ಸಾಗಬೇಕು. 400 ಸಿಸಿವರೆಗಿನ ಸಾಮಾನ್ಯ ದರ್ಜೆಯವರು 7 ಸೆಕೆಂಡಿಗಿಂತ, ದೊಡ್ಡ ಬೈಕಿನ ದರ್ಜೆಯವರು 10 ಸೆಕೆಂಡಿಗಿಂತ ಬೇಗ ದಾಟುವಂತಿಲ್ಲ. ಲೆಕ್ಕ ಹಾಕಿದರೆ ದೊಡ್ಡ ಬೈಕಿನ ವೇಗ ಗಂಟೆಗೆ ಸುಮಾರು 5 ಕಿಲೋಮೀಟರ್ ಆಗುತ್ತದೆ, ಅಂದರೆ ಜೊತೆಯಲ್ಲಿ ಒಬ್ಬರು ನಡೆದುಕೊಂಡು ಬರಬಹುದು. ಬೇಗ ದಾಟಿದರೆ ಅಂಕ ಕಳೆಯುತ್ತಾರೆ, ಪಟ್ಟಿಯಿಂದ ಚಕ್ರ ಇಳಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಇಷ್ಟು ನಿಧಾನವಾಗಿ ಸಾಗಲು ಮೂರು ಅಂಗಗಳು ಒಟ್ಟಿಗೆ ಕೆಲಸ ಮಾಡಬೇಕು. ಆಕ್ಸಿಲರೇಟರನ್ನು ಸ್ವಲ್ಪ ತಿರುಗಿಸಿ ಅಲ್ಲಿಯೇ ಹಿಡಿದಿಡಿ, ಅದನ್ನು ಮತ್ತೆ ಮತ್ತೆ ಏರಿಳಿಸಬೇಡಿ. ವೇಗವನ್ನು ಕ್ಲಚ್ಚಿನಿಂದ ನಿಯಂತ್ರಿಸಿ. ಲಿವರ್ ಹಿಡಿಯುವ ಬಿಂದುವಿನ ಸುತ್ತ ಬೆರಳಿನ ಒಂದೆರಡು ಮಿಲಿಮೀಟರ್ ಚಲನೆಯಲ್ಲೇ ಬೈಕ್ ಮುಂದೆ ಸರಿಯುವುದೂ ತಡೆಯುವುದೂ ನಡೆಯಬೇಕು. ಇದನ್ನೇ ಕಲಿಸುವವರು ಹಾಫ್ ಕ್ಲಚ್ ಎನ್ನುತ್ತಾರೆ. ಮೂರನೆಯದು ಹಿಂದಿನ ಬ್ರೇಕ್. ಪಾದದ ತುದಿಯಿಂದ ಪೆಡಲನ್ನು ಹಗುರವಾಗಿ ಒತ್ತಿ ಹಿಡಿದರೆ ಇಂಜಿನ್ನಿನ ಎಳೆತಕ್ಕೂ ಬ್ರೇಕಿನ ತಡೆಗೂ ನಡುವೆ ವಾಹನ ಬಿಗಿಯಾಗಿ ನಿಂತು, ಅತ್ತಿತ್ತ ಓಲಾಡುವುದು ಕಡಿಮೆಯಾಗುತ್ತದೆ. ಕ್ಲಚ್ ಬಿಸಿಯಾದೀತು ಎಂದು ಹೆದರುವವರಿದ್ದಾರೆ. ದಿನವಿಡೀ ಹಾಗೆ ಓಡಿಸಿದರೆ ಆ ಆತಂಕ ನಿಜವೇ, ಆದರೆ ಕೆಲವು ನಿಮಿಷಗಳ ಅಭ್ಯಾಸ ಮಾಡಿ ನಡುವೆ ಬಿಡುವು ಕೊಟ್ಟರೆ ತೊಂದರೆಯಿಲ್ಲ.

ಹ್ಯಾಂಡಲ್ ತಿರುಗಿಸಿರುವಾಗ ಮುಂದಿನ ಬ್ರೇಕನ್ನು ಮುಟ್ಟಬಾರದು ಎಂಬ ಎಚ್ಚರಿಕೆಯನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನಿಧಾನದ ತಿರುವಿನಲ್ಲಿ ಬೈಕ್ ಬೀಳುವುದಕ್ಕೆ ಸಾಮಾನ್ಯ ಕಾರಣವೇ ಅದು. ಮುಂದಿನ ಚಕ್ರ ಒಂದು ಕಡೆಗೆ ತಿರುಗಿರುವಾಗ ಅದನ್ನು ಹಠಾತ್ತನೆ ತಡೆದರೆ ಬೈಕಿನ ಭಾರವೆಲ್ಲ ಆ ಕಡೆಗೇ ವಾಲುತ್ತದೆ, ಕಾಲೂರಿ ತಡೆಯುವಷ್ಟು ಸಮಯ ಸಿಗುವುದಿಲ್ಲ. ಇಕ್ಕಟ್ಟಾದ ತಿರುವು ಅಭ್ಯಾಸ ಮಾಡುವಾಗ ಬಲಗೈಯ ನಾಲ್ಕೂ ಬೆರಳುಗಳನ್ನು ಹಿಡಿಯ ಮೇಲೆಯೇ ಇಟ್ಟುಕೊಂಡರೆ ಗಾಬರಿಯಲ್ಲಿ ಲಿವರ್ ಒತ್ತಿಬಿಡುವ ಅಭ್ಯಾಸ ತಪ್ಪುತ್ತದೆ.

8 ಹಾಕುವಾಗ ಹೆಚ್ಚಿನವರು ಎಡವುವುದು ಎರಡು ಸುತ್ತುಗಳು ಕೂಡುವ ನಡುವಿನ ಜಾಗದಲ್ಲಿ. ಮೊದಲ ಸುತ್ತನ್ನು ಮುಗಿಸಿ ಅಲ್ಲಿಗೆ ಬಂದಾಗ ಕಣ್ಣು ಮುಂದಿನ ಚಕ್ರದ ಮೇಲೋ ಗೆರೆಯ ಮೇಲೋ ನೆಟ್ಟಿರುತ್ತದೆ. ಬೈಕ್ ನೋಟ ಹೋದ ಕಡೆಗೇ ಹೋಗುವುದರಿಂದ ಗೆರೆಯನ್ನೇ ನೋಡಿದವರು ಗೆರೆಯ ಮೇಲೆಯೇ ಹತ್ತುತ್ತಾರೆ. ನಡುವಿಗೆ ಬರುವ ಮೊದಲೇ ತಲೆಯನ್ನು ಪೂರ್ತಿ ಹೊರಳಿಸಿ, ಮುಂದಿನ ಸುತ್ತಿನ ಆಚೆಯ ಅಂಚನ್ನು ನೋಡಬೇಕು. ಕಣ್ಣಷ್ಟೇ ತಿರುಗಿದರೆ ಸಾಲದು, ಗಲ್ಲ ಭುಜದ ನೇರಕ್ಕೆ ಬರಬೇಕು. ಹೀಗೆ ಮಾಡಿದಾಗ ಹ್ಯಾಂಡಲ್ ತಾನಾಗಿ ತಕ್ಕಷ್ಟು ತಿರುಗುತ್ತದೆ. ದೇಹವನ್ನು ಬೈಕಿನ ಜೊತೆಗೇ ವಾಲಿಸದೆ ಸ್ವಲ್ಪ ಹೊರಬದಿಗೆ ಇಟ್ಟುಕೊಂಡರೆ ಬೈಕ್ ಇನ್ನೂ ಹೆಚ್ಚು ಬಾಗಲು ಅವಕಾಶವಾಗಿ ಸುತ್ತು ಚಿಕ್ಕದಾಗುತ್ತದೆ. ಟ್ಯಾಂಕನ್ನು ಎರಡೂ ಮೊಣಕಾಲುಗಳಿಂದ ಒತ್ತಿಕೊಂಡಿರಿ. ಕಾಲುಗಳನ್ನು ಹೊರಗೆ ಚಾಚಿ ತೇಲಿಸಿದರೆ ನೆಲ ಮುಟ್ಟುವ ಆಸೆ ಹೆಚ್ಚುತ್ತದೆ, ಮುಟ್ಟಿದ್ದು ಪರೀಕ್ಷಕರ ಕಣ್ಣಿಗೆ ಬೀಳದೇ ಇರುವುದಿಲ್ಲ.

ಯೂ ಟರ್ನ್ ತಂತ್ರವೂ ಇದೇ, ಆದರೆ ಅದರಲ್ಲಿ ಇನ್ನೊಂದು ಬಲೆಯಿದೆ. ತಿರುವಿನ ಮೇಲೆ ಗಮನವೆಲ್ಲ ಕೇಂದ್ರೀಕರಿಸಿದವರು ಹೊರಡುವ ಮುನ್ನ ಭುಜದ ಮೇಲಿಂದ ಹಿಂದಕ್ಕೆ ನೋಡುವುದನ್ನೇ ಮರೆಯುತ್ತಾರೆ. ತಿರುವು ಎಷ್ಟೇ ಚೆನ್ನಾಗಿ ಬಂದರೂ ಆ ನೋಟ ಇಲ್ಲದಿದ್ದರೆ ಅದು ಸುರಕ್ಷತೆಯ ತಪ್ಪಾಗಿ ಬರೆಯಲ್ಪಡುತ್ತದೆ. ಖಾಲಿ ಮೈದಾನದಲ್ಲಿಯೂ ಪ್ರತಿ ಸಲ ಹಾಗೆ ನೋಡಿಯೇ ತಿರುಗಿಸುವ ಅಭ್ಯಾಸವಿದ್ದರೆ ಪರೀಕ್ಷೆಯ ದಿನ ಅದಕ್ಕಾಗಿ ಪ್ರತ್ಯೇಕವಾಗಿ ನೆನಪಿಟ್ಟುಕೊಳ್ಳಬೇಕಾಗಿಲ್ಲ.

ತುರ್ತು ಬ್ರೇಕ್ ಮತ್ತು ಅಡ್ಡಿ ತಪ್ಪಿಸುವುದು

ಬ್ರಿಟನ್ನಿನ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 50 ಕಿಲೋಮೀಟರ್ ವೇಗದಲ್ಲಿ ಬಂದು ಸಂಕೇತ ಸಿಕ್ಕ ಕೂಡಲೇ ನಿಲ್ಲಿಸಬೇಕು. ಆ ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ಕೈ ಬ್ರೇಕಿನ ಮೇಲೆ ಹೋಗುವುದು ಒಂದು ಸೆಕೆಂಡ್ ತಡವಾದರೆ ಎಷ್ಟು ದೂರ ಕಳೆದುಕೊಳ್ಳುತ್ತೇವೆ ಎಂಬುದು ತಿಳಿಯುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ಸಾಗುವ ದೂರ ನಾಲ್ಕರಷ್ಟಾಗುತ್ತದೆ. ಒಣ ರಸ್ತೆಯಲ್ಲಿ 30ರ ವೇಗದಿಂದ 5 ಮೀಟರಿನಲ್ಲಿ ನಿಲ್ಲುವ ಬೈಕಿಗೆ 60ರ ವೇಗದಿಂದ ನಿಲ್ಲಲು 20 ಮೀಟರ್ ಬೇಕು.

ಬ್ರೇಕ್ ಹಾಕಿದೊಡನೆ ಭಾರ ಮುಂದಿನ ಚಕ್ರಕ್ಕೆ ವರ್ಗವಾಗುವುದರಿಂದ ಬೈಕನ್ನು ನಿಲ್ಲಿಸುವ ಹೆಚ್ಚಿನ ಶಕ್ತಿ ಮುಂದಿನ ಬ್ರೇಕಿನಿಂದಲೇ ಬರುತ್ತದೆ. ಆದರೆ ಭಾರ ಮುಂದಕ್ಕೆ ಬರಲು ಒಂದು ಕ್ಷಣ ಬೇಕು. ಅದಕ್ಕೂ ಮೊದಲೇ ಲಿವರನ್ನು ಗಬಕ್ಕನೆ ಎಳೆದರೆ ಚಕ್ರ ಸಿಕ್ಕಿಕೊಂಡು ಜಾರುತ್ತದೆ. ಆದ್ದರಿಂದ ಮೊದಲು ಮೃದುವಾಗಿ ಹಿಡಿದು, ಮುಂಭಾಗ ತಗ್ಗಿದ ಅನುಭವ ಬಂದ ಕೂಡಲೇ ಗಟ್ಟಿಯಾಗಿ ಒತ್ತುತ್ತಾ ಹೋಗಬೇಕು, ಹಿಂದಿನದನ್ನು ಅದರ ಜೊತೆಗೆ ಹಗುರವಾಗಿ ಸೇರಿಸಬೇಕು. ಕ್ಲಚ್ ಒತ್ತುವುದು ನಿಲ್ಲುವ ಸ್ವಲ್ಪ ಮುಂಚೆ. ಮೊದಲೇ ಒತ್ತಿದರೆ ಇಂಜಿನ್ನಿನ ತಡೆ ಕೈತಪ್ಪುತ್ತದೆ, ಒತ್ತದೇ ಇದ್ದರೆ ಇಂಜಿನ್ ಆಫ್ ಆಗುತ್ತದೆ. ಎಬಿಎಸ್, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ, ಇಲ್ಲದ ಬೈಕಿನಲ್ಲಿ ಮುಂದಿನ ಚಕ್ರ ಜಾರಿದಂತೆ ಅನಿಸಿದರೆ ಲಿವರನ್ನು ತಕ್ಷಣ ಸಡಿಲಿಸಿ ಮತ್ತೆ ಹಿಡಿಯಬೇಕು. ಎಬಿಎಸ್ ಇದ್ದರೆ ಕೈಗೂ ಕಾಲಿಗೂ ನಡುಕ ತಾಗಬಹುದು, ಅದಕ್ಕೆ ಬೆಚ್ಚಿ ಬ್ರೇಕ್ ಬಿಡಬಾರದು. ನಿಂತ ಮೇಲೆ ಎಡಗಾಲನ್ನು ಊರಿ, ಬಲಗಾಲನ್ನು ಪೆಡಲಿನ ಮೇಲೆಯೇ ಇಡಿ. ಮತ್ತೆ ಹೊರಡುವ ಮೊದಲು ಎರಡೂ ಬದಿಯ ಭುಜದ ಮೇಲಿಂದ ಹಿಂದೆ ನೋಡಿ. ಹಠಾತ್ತನೆ ನಿಂತ ಬೈಕಿನ ಪಕ್ಕದಿಂದ ಯಾವ ಕಡೆಯಿಂದ ಯಾರು ಬರುತ್ತಿದ್ದಾರೆಂದು ಹೇಳಲಾಗದು.

ಅಡ್ಡಿ ತಪ್ಪಿಸುವ ಪರೀಕ್ಷೆಯಲ್ಲಿ ಹೊಸಬರಿಗೆ ವಿಚಿತ್ರವೆನಿಸುವ ಒಂದು ಸಂಗತಿಯಿದೆ. ವೇಗವಾಗಿ ಸಾಗುತ್ತಿರುವ ಬೈಕ್ ಬಲಕ್ಕೆ ಹೊರಳಬೇಕಾದರೆ ಹ್ಯಾಂಡಲಿನ ಬಲಭಾಗವನ್ನು ಮುಂದಕ್ಕೆ ಒತ್ತಬೇಕು, ಎಡಕ್ಕೆ ಹೊರಳಬೇಕಾದರೆ ಎಡಭಾಗವನ್ನು. ಚಕ್ರ ಕ್ಷಣಕಾಲ ಎದುರು ದಿಕ್ಕಿಗೆ ತಿರುಗಿದಾಗ ಬೈಕ್ ನಮಗೆ ಬೇಕಾದ ಕಡೆಗೆ ವಾಲುತ್ತದೆ. ಖಾಲಿ ಜಾಗದಲ್ಲಿ ಮಧ್ಯಮ ವೇಗದಲ್ಲಿ ಸಾಗುತ್ತಾ ಒಂದು ಹಿಡಿಯನ್ನು ಅಂಗೈಯಿಂದ ಹಗುರವಾಗಿ ಒತ್ತಿ ನೋಡಿದರೆ ಇದು ಕೂಡಲೇ ಮನದಟ್ಟಾಗುತ್ತದೆ. ಹೊರಳುವಾಗ ಬ್ರೇಕ್ ಹಾಕಬೇಡಿ. ವೇಗ ಇಳಿಸುವುದಿದ್ದರೆ ಅದಕ್ಕೂ ಮೊದಲು, ಇಲ್ಲವೇ ಬೈಕ್ ಮತ್ತೆ ನೆಟ್ಟಗಾದ ಮೇಲೆ.

ರಸ್ತೆಗಿಳಿದ ಮೇಲೆ

ರಸ್ತೆಯ ಭಾಗದಲ್ಲಿ ಪರೀಕ್ಷಕರು ನಿಮ್ಮ ಮನಸ್ಸಿನೊಳಗೆ ಇಣುಕಲಾರರು. ಅವರಿಗೆ ಕಾಣುವುದು ಹೆಲ್ಮೆಟ್ ಯಾವ ಕಡೆಗೆ ಯಾವಾಗ ತಿರುಗಿತು ಎಂಬುದು ಮಾತ್ರ. ಕನ್ನಡಿಯನ್ನು ಕಣ್ಣಂಚಿನಲ್ಲಿ ನೋಡಿ ಮುಗಿಸುವ ಅಭ್ಯಾಸವುಳ್ಳವರು ನಿಜವಾಗಿ ನೋಡಿದ್ದರೂ ನೋಡಲಿಲ್ಲವೆಂದು ದಾಖಲಾಗುವುದುಂಟು. ನಾಟಕೀಯವಾಗಿ ತಲೆ ಆಡಿಸಬೇಕಿಲ್ಲ, ಗಲ್ಲ ಸ್ವಲ್ಪ ಸರಿದರೆ ಹಿಂದಿನಿಂದ ಅದು ಸ್ಪಷ್ಟವಾಗಿ ಕಾಣುತ್ತದೆ.

ತಿರುಗುವಾಗಲೂ ಪಥ ಬದಲಿಸುವಾಗಲೂ ಪಾಲಿಸಬೇಕಾದ ಕ್ರಮ ಒಂದೇ. ಮೊದಲು ಕನ್ನಡಿ, ನಂತರ ಇಂಡಿಕೇಟರ್, ಆಮೇಲೆ ರಸ್ತೆಯಲ್ಲಿ ಸರಿಯಾದ ಸ್ಥಾನ, ತಕ್ಕ ವೇಗ ಮತ್ತು ಗೇರ್, ಕಡೆಗೆ ತಿರುಗುವ ಮುನ್ನ ಆ ಬದಿಯ ಭುಜದ ಮೇಲಿಂದ ಒಂದು ನೋಟ. ಕನ್ನಡಿಗೆ ಕಾಣದ ಜಾಗದಲ್ಲಿ ಇಡೀ ಒಂದು ಬೈಕ್ ಅಡಗಿರಬಹುದಾದ್ದರಿಂದ ಈ ಕೊನೆಯ ನೋಟಕ್ಕೆ ಪರೀಕ್ಷಕರು ಬಹಳ ಬೆಲೆ ಕೊಡುತ್ತಾರೆ. ಅದು ತಿರುಗಲು ಶುರು ಮಾಡಿದ ಮೇಲೆ ಬಂದರೆ ಪ್ರಯೋಜನವಿಲ್ಲ, ಬಹಳ ಮುಂಚೆ ಬಂದರೂ ಪ್ರಯೋಜನವಿಲ್ಲ. ತಿರುವು ತೀರಾ ಕಡಿದಾಗಿದ್ದು ಎದುರಿನಿಂದಲೂ ವಾಹನಗಳು ಬರುತ್ತಿದ್ದರೆ ಹಿಂದಕ್ಕೆ ನೋಡುವ ಆ ಕ್ಷಣಕ್ಕೆ ಮುಂದಿನ ರಸ್ತೆ ಕಣ್ತಪ್ಪುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಂಡಿಕೇಟರ್ ವಿಷಯದಲ್ಲಿ ಕಾರಿಗೂ ಬೈಕಿಗೂ ವ್ಯತ್ಯಾಸವಿದೆ. ಬಹುಪಾಲು ಬೈಕುಗಳಲ್ಲಿ ಅದು ತಾನಾಗಿ ಆರುವುದಿಲ್ಲ. ತಿರುವು ಮುಗಿದರೂ ಮಿನುಗುತ್ತಲೇ ಇರುವ ದೀಪವನ್ನು ನಂಬಿ ಅಡ್ಡರಸ್ತೆಯವರು ನುಗ್ಗಿದರೆ ಅಪಘಾತ ಖಂಡಿತ, ಹಾಗಾಗಿ ಪರೀಕ್ಷಕರು ಇದನ್ನು ಸಣ್ಣ ಮರೆವೆಂದು ಬಿಡುವುದಿಲ್ಲ. ಪ್ರತಿ ತಿರುವಿನ ನಂತರ ಹೆಬ್ಬೆರಳಿನಿಂದ ಗುಂಡಿಯನ್ನೊಮ್ಮೆ ಒತ್ತುವುದನ್ನು ರೂಢಿ ಮಾಡಿಕೊಳ್ಳಿ, ದೀಪ ಉರಿಯುತ್ತಿರಲಿ ಬಿಡಲಿ.

ಅತಿ ಎಚ್ಚರವೂ ಇಲ್ಲಿ ದೋಷವೇ. ರಸ್ತೆ ತೆರವಾಗಿರುವಾಗ ಮಿತಿಗಿಂತ ಬಹಳ ಕಡಿಮೆ ವೇಗದಲ್ಲಿ ತೆವಳುವುದು, ಹೋಗಬಹುದಾದ ಜಾಗವಿದ್ದರೂ ಅಡ್ಡರಸ್ತೆಯ ಬಾಯಲ್ಲಿ ನಿಂತೇ ಇರುವುದು, ಹಿಂದಿನವರಿಗೆ ಅಡ್ಡಿಯಾಗುವಂತೆ ಹಿಂಜರಿಯುವುದು, ಇವೆಲ್ಲ ಅಳುಕನ್ನು ತೋರಿಸುತ್ತವೆ. ಮುಂದಿನ ವಾಹನಕ್ಕೂ ನಿಮಗೂ ನಡುವೆ ಕನಿಷ್ಠ ಎರಡು ಸೆಕೆಂಡಿನ ಅಂತರವಿರಲಿ. ಆ ವಾಹನ ರಸ್ತೆ ಬದಿಯ ಯಾವುದಾದರೂ ಕಂಬವನ್ನು ದಾಟಿದಾಗಿನಿಂದ ನೀವು ಅದೇ ಕಂಬವನ್ನು ತಲುಪುವವರೆಗೆ ಎಣಿಸಿದರೆ ಅಂತರ ಗೊತ್ತಾಗುತ್ತದೆ. ನೆಲ ಒದ್ದೆಯಾಗಿದ್ದರೆ ಆ ಅಂತರವನ್ನು ಇಮ್ಮಡಿ ಮಾಡಬೇಕು, ಬಿಳಿ ಪಟ್ಟೆಗಳ ಮೇಲೆ ಮತ್ತು ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ ಬ್ರೇಕ್ ಒತ್ತುವುದನ್ನು ತಪ್ಪಿಸಬೇಕು.

ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಹಿಂದಿನ ಬ್ರೇಕ್ ಒತ್ತಿ ಹಿಡಿದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಕ್ಲಚ್ ಹಿಡಿಯುವ ಬಿಂದು ತಲುಪಿ ಬೈಕ್ ಮುಂದಕ್ಕೆ ಎಳೆಯುವುದು ಗೊತ್ತಾದ ಮೇಲೆ ಬ್ರೇಕ್ ಬಿಡಬೇಕು. ಒಂದಿಂಚು ಹಿಂದೆ ಸರಿದರೂ ಅದು ಎದ್ದು ಕಾಣುತ್ತದೆ.

ಪರೀಕ್ಷೆಯ ದಿನ

ಸರಿಯಾಗಿ ಕೂರುವ, ಪಟ್ಟಿ ಬಿಗಿದ ಹೆಲ್ಮೆಟ್, ಪಾದದ ಗಂಟು ಮುಚ್ಚುವ ಬೂಟು, ಲಿವರ್ ಚೆನ್ನಾಗಿ ತಾಗುವ ಗ್ಲೌಸ್ ಇರಲಿ. ಹೊಸ ದಪ್ಪ ಗ್ಲೌಸನ್ನು ಅದೇ ದಿನ ಮೊದಲ ಬಾರಿ ಹಾಕಿಕೊಂಡರೆ ಕ್ಲಚ್ಚಿನ ಬಿಂದು ಬೆರಳಿಗೆ ಸಿಗುವುದಿಲ್ಲ. ಕೇಳಿರುವ ದಾಖಲೆಗಳ ಮೂಲ ಪ್ರತಿಗಳನ್ನು ಹಿಂದಿನ ರಾತ್ರಿಯೇ ಚೀಲಕ್ಕೆ ಹಾಕಿಡಿ. ಪರೀಕ್ಷೆಗೆ ಮುನ್ನ ಸ್ವಲ್ಪ ಹೊತ್ತು ಓಡಿಸಿ ಇಂಜಿನ್ ಬಿಸಿಯಾಗಿರುವಂತೆ ನೋಡಿಕೊಂಡರೆ ಹೊರಡುವಾಗಲೇ ಅದು ಆಫ್ ಆಗುವ ಸಾಧ್ಯತೆ ಕಡಿಮೆ.

ಸೈಡ್ ಸ್ಟ್ಯಾಂಡ್ ತೆಗೆಯದೆ ಗೇರ್ ಹಾಕಿ ಇಂಜಿನ್ ನಿಂತುಹೋಗಿ, ಬೈಕ್ ಕೆಟ್ಟಿತೆಂದು ಬೆವರುವವರನ್ನು ಪರೀಕ್ಷಾ ಮೈದಾನದಲ್ಲಿ ಆಗಾಗ ನೋಡಬಹುದು. ಸ್ಟ್ಯಾಂಡ್ ಕೆಳಗಿರುವಾಗ ಗೇರ್ ಹಾಕಿದರೆ ಇಂಜಿನ್ ನಿಲ್ಲುವ ಸ್ವಿಚ್ ಈಗಿನ ಬಹಳಷ್ಟು ಬೈಕುಗಳಲ್ಲಿದೆ. ಸ್ಟಾರ್ಟ್ ಆಗದಿದ್ದರೆ ಮೊದಲು ಕಿಲ್ ಸ್ವಿಚ್ (ಹ್ಯಾಂಡಲಿನ ಮೇಲಿರುವ, ಇಂಜಿನ್ ನಿಲ್ಲಿಸುವ ಗುಂಡಿ), ಆಮೇಲೆ ಸ್ಟ್ಯಾಂಡ್, ಆಮೇಲೆ ನ್ಯೂಟ್ರಲ್ ದೀಪ, ಈ ಕ್ರಮದಲ್ಲಿ ನೋಡಿದರೆ ಸಾಮಾನ್ಯವಾಗಿ ಕಾರಣ ಸಿಗುತ್ತದೆ.

ಪರೀಕ್ಷಕರ ಸೂಚನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಹೇಳುವಂತೆ ಕೇಳುವುದರಲ್ಲಿ ಸಂಕೋಚ ಬೇಡ. ಬಲಕ್ಕೆ ತಿರುಗಿ ಎಂದದ್ದನ್ನು ತಪ್ಪಾಗಿ ತಿಳಿದು ಎಡಕ್ಕೆ ಇಂಡಿಕೇಟರ್ ಹಾಕಿಬಿಟ್ಟಿದ್ದರೆ, ಕೊನೆಯ ಕ್ಷಣದಲ್ಲಿ ಅಡ್ಡಾದಿಡ್ಡಿಯಾಗಿ ಎಳೆದು ಸರಿಪಡಿಸುವುದಕ್ಕಿಂತ ಸುರಕ್ಷಿತವಾಗಿ ಎಡಕ್ಕೇ ಹೋಗುವುದು ಒಳಿತು. ಬ್ರಿಟನ್ನಿನಂತಹ ಕಡೆ ದಾರಿ ತಪ್ಪಿದ್ದಕ್ಕೆ ಅಂಕ ಕಳೆಯುವುದಿಲ್ಲ, ತಪ್ಪಿದ ದಾರಿಯಲ್ಲಿ ಹೇಗೆ ಹೋದಿರಿ ಎಂಬುದನ್ನಷ್ಟೇ ನೋಡುತ್ತಾರೆ. ನಡುವೆ ಇಂಜಿನ್ ಆಫ್ ಆದರೆ ಕ್ಲಚ್ ಒತ್ತಿ, ಮತ್ತೆ ಸ್ಟಾರ್ಟ್ ಮಾಡಿ, ಹಿಂದೆ ಮುಂದೆ ನೋಡಿ ಹೊರಡಿ. ಆದ ತಪ್ಪನ್ನೇ ಯೋಚಿಸುತ್ತಾ ಮುಂದಿನ ಎರಡು ಸಂಕೇತ ಫಲಕಗಳನ್ನು ಕಾಣದೆ ಹೋಗುವವರೇ ಹೆಚ್ಚು.

ಫಲಿತಾಂಶ ಏನೇ ಬಂದರೂ ಪರೀಕ್ಷಕರು ಗುರುತು ಹಾಕಿದ ತಪ್ಪುಗಳ ವಿವರವನ್ನು ಕೇಳಿ ಪಡೆಯಿರಿ. ಅನುತ್ತೀರ್ಣರಾಗಿದ್ದರೆ ಮರುಪರೀಕ್ಷೆಗೆ ಮುನ್ನ ಎಷ್ಟು ದಿನ ಕಾಯಬೇಕೆಂದು ಅಲ್ಲಿಯೇ ತಿಳಿದುಕೊಂಡು, ಮೈದಾನದ ತಪ್ಪುಗಳನ್ನೂ ರಸ್ತೆಯ ತಪ್ಪುಗಳನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಮೈದಾನದ ತಪ್ಪುಗಳನ್ನು ಖಾಲಿ ಜಾಗದಲ್ಲಿ ಒಬ್ಬರೇ ಅಭ್ಯಾಸ ಮಾಡಿ ತಿದ್ದಿಕೊಳ್ಳಬಹುದು. ರಸ್ತೆಯ ತಪ್ಪುಗಳಿಗೆ ಮಾತ್ರ ಹಿಂದಿನಿಂದ ಇನ್ನೊಂದು ವಾಹನದಲ್ಲಿ ಬರುತ್ತಾ, ನಿಮ್ಮ ಹೆಲ್ಮೆಟ್ ಯಾವಾಗ ತಿರುಗಿತು, ಯಾವಾಗ ತಿರುಗಲಿಲ್ಲ ಎಂದು ಹೇಳಬಲ್ಲ ಅನುಭವಿ ಸವಾರರೊಬ್ಬರು ಬೇಕು.